ಬಸುರಿಯ ಗೊರಕೆ, ಅತ್ತೆಯ ಗಾಬರಿ

ಲಿಂಗರಾಜಪುರದ ನಮ್ಮ ನರ್ಸಿಂಗ್ ಹೋಮ್‌ನಲ್ಲಿ ಬಸುರಿಯರ ಚೆಕಪ್ ದಿನ ನನ್ನ ಡ್ಯೂಟಿ ಬಿತ್ತು ಅಂದ್ರೆ ಏನಾದ್ರೂ ಒಂದು ಆಗ್ಲೇಬೇಕು. ಕೆ.ಆರ್. ಪುರದಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದಿರ್ತೀನಿ, ನಗೋಕೂ ತ್ರಾಣ ಇರಲ್ಲ. ಆದ್ರೂ ಬಿಡಲ್ಲ ಜನ. ಈ ಸಲ ಹಲಸೂರಿನ ಒಂದೇ ಮನೆಯವರು ನನ್ನನ್ನ ಹೈರಾಣು ಮಾಡಿಬಿಟ್ರು.

೧. ಮನೆ ಮರ್ಯಾದೆ

ಬಸುರಿ ಜೊತೆ ಅತ್ತೆ, ಗಂಡ ಇಬ್ರೂ ಬಂದಿದ್ರು. ಮೊದಲ ಮಗು ದಿನ ತುಂಬದೇ ಹುಟ್ಟಿ, ಗಾಜಿನ ಪೆಟ್ಟಿಗೇಲಿ ಒದ್ದಾಡಿ ಬದುಕಿತ್ತಂತೆ. ಈ ಸಲ ಹಾಗಾಗ್ಬಾರದು ಅಂತ ಹುಡುಗಿಗೆ ಒಂದೇ ಭಯ.

"ಗೊರಕೆ ಹೊಡೀತೀಯೇನಮ್ಮ?" ಅಂದೆ.

"ಛೆ! ನಮ್ಮನೆ ಹೆಂಗಸರು ಗೊರಕೆ ಹೊಡೆಯಲ್ಲ," ಅಂದ್ರು ಅತ್ತೆ.

ಗಂಡ ಮೆಲ್ಲಗೆ, "ಸಿಸ್ಟರ್, ಪಕ್ಕದ ಮನೆಯವರು ಗೋಡೆ ಬಡೀತಾರೆ. ನಡುನಡುವೆ ಇವಳ ಉಸಿರೇ ನಿಂತ್ಹೋಗುತ್ತೆ," ಅಂದ.

"ಪಕ್ಕದ ಮನೆಯವರಿಗೆ ಮೊದಲಿಂದ್ಲೂ ನಮ್ಮನ್ನ ಕಂಡ್ರಾಗಲ್ಲ!" ಅಂದ್ರು ಅತ್ತೆ.

೨. ಮಿಷಿನ್ ಕಟ್ಟಿದ್ದು ಯಾರಿಗೆ?

ನಿದ್ದೇಲಿ ಹೀಗೆ ಉಸಿರು ಕಟ್ಟಿದ್ರೆ ಹೆರಿಗೆ ಬೇಗ ಆಗೋ ಅಪಾಯ ಜಾಸ್ತಿ ಅಂತ ಡಾಕ್ಟರು, ಮನೇಲೇ ಕಟ್ಕೊಂಡು ಮಲಗೋ ಟೆಸ್ಟ್ ಮಿಷಿನ್ ಕೊಟ್ಟು ಕಳಿಸಿದ್ರು. ಎದೆಗೆ ಪಟ್ಟಿ, ಮೂಗಿಗೆ ನಳಿಕೆ, ಬೆರಳಿಗೆ ಕ್ಲಿಪ್ಪು. ಗಂಟಲು ಹರ್ಕೊಂಡು ಹೇಳ್ಕೊಟ್ಟೆ. ರಿಪೋರ್ಟ್ ನೋಡಿ ಡಾಕ್ಟರಿಗೇ ಗಾಬರಿ, ಉಸಿರು ಅಷ್ಟು ಸಲ ಕಟ್ಟಿತ್ತು.

ಅತ್ತೆ ತಣ್ಣಗೆ ಹೇಳಿದ್ರು: "ಬಸುರಿ ಹೆಂಗಸಿಗೆ ವೈರು ಯಾಕೆ ಅಂತ ಮಗನಿಗೆ ಕಟ್ಟಿದ್ವಿ. ಗಂಡ ಹೆಂಡ್ತಿ ಒಂದೇ ಅಲ್ವಾ?"

ರೇಗಿಹೋಯ್ತು, ಚೆನ್ನಾಗಿ ಬೈದೆ. ಈ ಸಲ ಸೊಸೆಗೇ ಕಟ್ಟಿ ಟೆಸ್ಟ್ ಮಾಡಿಸಿದ್ರೆ ಅವಳಿಗೂ ತೊಂದರೆ ಇತ್ತು. ಆಮೇಲಿಂದ ಒಂದೇ ಮಂಚದಲ್ಲಿ ಇಬ್ಬರಿಗೂ, ಉಸಿರು ಕಟ್ಟದ ಹಾಗೆ ರಾತ್ರಿಯಿಡೀ ಊದೋ ಗಾಳಿ ಮಿಷಿನ್ನು, ಮುಖಕ್ಕೆ ಮಾಸ್ಕು.

೩. ಸದ್ದಿಲ್ಲ

ವಾರ ಕಳೆದ ಮೇಲೆ ಅತ್ತೆ ಫೋನು. "ಸಿಸ್ಟರ್, ರಾತ್ರಿ ಮಲಗಿದ್ರೆ ಸೊಸೆ ಸದ್ದೇ ಇಲ್ಲ. ಹೆದರಿ ಎಬ್ಬಿಸಿ, ಬದುಕಿದ್ದೀಯಾ ಅಂತ ಕೇಳ್ದೆ."

"ಏನಂದ್ಲು?"

"'ಬದುಕಿದ್ದೀನಿ, ಮಲಗಕ್ಕೆ ಬಿಡಿ' ಅಂದ್ಲು!"

೪. ಮಿಷಿನ್ ವಾಪಸ್

ಎಂಟನೇ ತಿಂಗಳು ದಾಟಿದಾಗ, ಈ ಸಲ ಮಗು ಬೇಗ ಬರಲಿಲ್ಲ ಅನ್ನೋ ಖುಷಿಗೆ ಸೊಸೆ ನನ್ನ ಕೈ ಹಿಡ್ಕೊಂಡು ಅತ್ತುಬಿಟ್ಲು. ನನಗೂ ಕಣ್ಣು ತುಂಬಿ ಬಂತು. ಆಮೇಲೆ ಡಾಕ್ಟರು ಹೆರಿಗೆಗೆ ಹೇಳಿದ ತಾರೀಖೂ ಆಯ್ತು, ನೋವಿನ ಸುಳಿವೇ ಇಲ್ಲ. ಮಾರನೇ ಬೆಳಗ್ಗೆ ಅತ್ತೆ ಆಟೋದಲ್ಲಿ ಸೊಸೆಯ ಗಾಳಿ ಮಿಷಿನ್ ತಂದು ನನ್ನ ಮೇಜಿನ ಮೇಲೆ ಕುಕ್ಕಿದ್ರು.

"ಏನಾಯ್ತಮ್ಮ?"

"ಮಗು ಬೇಗ ಬರಬಾರದು ಅಂತ ತಾನೇ ಇದನ್ನ ಕೊಟ್ಟಿದ್ದು? ನೀವು ಗಾಳಿ ಹಾಕಿದ್ದು ಜಾಸ್ತಿ ಆಯ್ತು ಸಿಸ್ಟರ್. ಒಳಗೇ ಹಾಯಾಗಿ ಮಲ್ಕೊಂಡ್ಬಿಟ್ಟಿದೆ, ಹೊರಗೆ ಬರೋಕೆ ಒಪ್ತಾನೇ ಇಲ್ಲ!"