ಮೆಟ್ಟಿಲ ಕೆಳಗಿನ ವಿದ್ಯುತ್ ನಿಯಂತ್ರಕರಿಗೆ, ಒಂದು ಕರೆಗುಂಡಿಯ ಪರವಾಗಿ

ಮಾನ್ಯರೇ,

ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ, ಪೊರಕೆ ಮತ್ತು ಒಡೆದ ಬಕೆಟ್ಟಿನ ನೆರೆಯಲ್ಲಿ, ತಗಡಿನ ಪೆಟ್ಟಿಗೆಯೊಳಗೆ ಬಿಜಯಂಗೈದಿರುವ ತಮಗೆ, ಅದೇ ಕಟ್ಟಡದ ನೆಲಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನನ್ನ ಅನಂತ ನಮಸ್ಕಾರಗಳು. ತಮ್ಮ ಫ್ಯಾನಿನ ಸದ್ದು ಗೋಡೆ ದಾಟಿ ನನ್ನ ಮಷೀನಿನವರೆಗೂ ಕೇಳುವುದರಿಂದ ತಮ್ಮ ಆರೋಗ್ಯವನ್ನು ಬೇರೆಯಾಗಿ ವಿಚಾರಿಸುವ ಅಗತ್ಯ ಬೀಳಲಿಲ್ಲ. ತಮ್ಮನ್ನು ಖಾಸಗಿಯಾಗಿ ಕಾಣೋಣವೆಂದರೆ ಪೆಟ್ಟಿಗೆ ಮುಟ್ಟಬಾರದೆಂದು ಕಟ್ಟಡದ ಮಾಲೀಕರು ಬೋರ್ಡು ಹಾಕಿದ್ದಾರೆ. ಆದ್ದರಿಂದ ಈ ಪತ್ರವನ್ನು ಆ ಬೋರ್ಡಿನ ಮೇಲೆಯೇ ಅಂಟಿಸುತ್ತಿದ್ದೇನೆ.

ದೂರಿಗೆ ಮೊದಲು ಹೊಗಳಿಕೆ ಸಲ್ಲಬೇಕು. ಸುದ್ದಿ ಹೋಗುವ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟನ್ನೂ ಕಳಿಸಿ, ಗೋಡೆಗೋಡೆಗೂ ಪ್ಲಗ್ ಪಾಯಿಂಟು ಕೊರೆಸುವ ಕಷ್ಟ ತಪ್ಪಿಸಿದವರು ತಾವು. ಅದೂ ಕಂಡವರಿಗೆಲ್ಲ ಸುರಿಯುವವರಲ್ಲ. ಕೇಬಲ್ಲಿನ ಆ ತುದಿಗೆ ಯಾವುದಾದರೂ ಯಂತ್ರ ಬಂದು ಕೂತರೆ, ಮೊದಲು ತೀರಾ ಮೆಲ್ಲಗೆ ತಟ್ಟಿ ನೋಡಿ, ಇದು ನಮ್ಮ ಕರೆಂಟನ್ನು ತಡೆದುಕೊಳ್ಳುವಂಥದ್ದೋ ಅಲ್ಲವೋ ಎಂದು ಗುರುತು ಹಿಡಿದು, ನಿನಗೆಷ್ಟು ಬೇಕು ಎಂದು ವಿಚಾರಿಸಿ, ಆಮೇಲೆ ಹದವರಿತು ಬಿಡುತ್ತೀರಂತೆ. ಗುರುತು ಸಿಗದಿದ್ದರೆ ಒಂದು ತೊಟ್ಟೂ ಇಲ್ಲವಂತೆ; ಮಿತಿಮೀರಿ ಎಳೆದರೆ ತಕ್ಷಣ ಕೈಬಿಡುತ್ತೀರಂತೆ. ಇದನ್ನೆಲ್ಲ ನನಗೆ ಹೇಳಿದವನು ಕೇಬಲ್ ಎಳೆಯುವ ಕಸುಬಿನ ನನ್ನ ಅಣ್ಣನ ಮಗ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕದ ನನಗೆ ಇದು ಎಷ್ಟು ಹಿಡಿಸಿತೆಂದರೆ, ನೆಂಟರ ಮನೆಯ ಊಟಕ್ಕೆ ಬಡಿಸಲು ಇನ್ನು ಮುಂದೆ ತಮ್ಮನ್ನೇ ಕರೆಸಬೇಕೆಂದು ತೀರ್ಮಾನಿಸಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಯಜಮಾನರು ಬಸ್ ಓಡಿಸುತ್ತಿದ್ದವರು. ಪಾರ್ಶ್ವವಾಯು ಬಡಿದು ಬಲಗಡೆಯ ಕೈಕಾಲು ಸ್ವಾಧೀನ ತಪ್ಪಿದ ಮೇಲೆ, ಅಂಗಡಿಯ ಮೇಲಿನ ಮಹಡಿಯಲ್ಲಿರುವ ನಮ್ಮ ಮನೆಯಲ್ಲಿ ಮಲಗಿದಲ್ಲೇ ಇದ್ದಾರೆ. ಬಸ್ಸಿನ ಹಿಂದಿನ ಸೀಟಿನವರೂ ಬೆಚ್ಚಿ ಏಳುವಂಥ ಅವರ ದನಿ ಈಗ ಮಂಚದ ಕಾಲನ್ನೂ ದಾಟುವುದಿಲ್ಲ. ಅಂಗಡಿ ಮುಚ್ಚಿದರೆ ನಮ್ಮ ಹೊಟ್ಟೆ ನಡೆಯುವುದಿಲ್ಲ, ಅವರನ್ನು ಮರೆತು ಕೂತರೆ ನನ್ನ ಕೈ ನಡೆಯುವುದಿಲ್ಲ. ಅದಕ್ಕೆಂದೇ ಅಣ್ಣನ ಮಗ ಅವರ ಎಡಗೈಗೆ ಸಿಗುವಂತೆ ಒಂದು ಗುಂಡಿ ಕೂರಿಸಿ, ಅದನ್ನು ತಮ್ಮ ಕೇಬಲ್ಲಿಗೆ ಸೇರಿಸಿದ. ಅವರು ಒತ್ತಿದರೆ ನನ್ನ ಮಷೀನಿನ ಮೇಲೆ ಕೆಂಪು ದೀಪ ಹತ್ತಬೇಕು, ನಾನು ಮೇಲೆ ಓಡಬೇಕು, ಏರ್ಪಾಡು ಇಷ್ಟೇ.

ನಮ್ಮದು ದುಂದು ಗೊತ್ತಿಲ್ಲದ ವಂಶ. ಹುಡುಕಿ ಹುಡುಕಿ ಅತಿ ಕಡಿಮೆ ಕರೆಂಟು ತಿನ್ನುವ ಗುಂಡಿಯನ್ನೇ ತಂದು, "ಅತ್ತೆ, ಇದು ಗೋಡೇಲಿ ಇದೆ ಅಂತಾನೂ ಗೊತ್ತಾಗಲ್ಲ ನೋಡಿ" ಎಂದು ಅವನು ಬೀಗಿದ. ಅದರಲ್ಲೊಂದು ಸಣ್ಣ ನೀಲಿ ದೀಪ ಸದಾ ಉರಿಯುತ್ತಿತ್ತು. "ಕಣ್ಣಿಗೆ ಹೊಡಿಯುತ್ತಪ್ಪಾ, ಸುಮ್ನೆ ಯಾಕೆ ಉರೀಬೇಕು, ತೆಗ್ದುಬಿಡು" ಎಂದರು ಯಜಮಾನರು. ಮಾವನ ಮಾತು ಮೀರಲಾರದೆ ಅವನು ಆ ದೀಪದ ತಂತಿಯನ್ನು ಕತ್ತರಿಸಿ ಹೋದ. ಅಲ್ಲಿಗೆ ಗುಂಡಿಯ ಊಟ ಇನ್ನಷ್ಟು ಕಡಿಮೆಯಾಯಿತು, ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು.

ಆದರೆ ತಮ್ಮ ಕಾನೂನು ಬೇರೆಯೇ ಇತ್ತು. ಇಂತಿಷ್ಟಾದರೂ ಕರೆಂಟು ಎಳೆಯದವರು ಕೇಬಲ್ ಕಿತ್ತುಕೊಂಡು ಹೊರಟುಹೋಗಿದ್ದಾರೆಂದು ತಾವು ತಿಳಿಯುತ್ತೀರಿ. ಹೋದವರ ಕೇಬಲ್ಲಿನಲ್ಲಿ ಕರೆಂಟು ಉಳಿದರೆ ಆಮೇಲೆ ಬಂದು ಕೂರುವ ಯಾವುದೋ ಅಮಾಯಕ ಯಂತ್ರ ಸುಟ್ಟೀತೆಂಬ ತಮ್ಮ ಕಾಳಜಿಯನ್ನು ನಾನು ಬಲ್ಲೆ, ಮೆಚ್ಚುತ್ತೇನೆ ಕೂಡ. ಹಾಗೆಂದು ತಾವು ನಮ್ಮ ಗುಂಡಿಗೆ ಕರೆಂಟು ನಿಲ್ಲಿಸಿದಿರಿ. ಕ್ಷಣ ಬಿಟ್ಟು ಮತ್ತೆ ಬಂದು, ಯಾರು ನೀನು, ಎಷ್ಟು ಬೇಕು ಎಂದು ಸೌಜನ್ಯದಿಂದ ಕೇಳಿ ಕೊಟ್ಟಿರಿ. ಅದು ಕಣ್ಣುಬಿಟ್ಟು ತನ್ನ ಪಾಡಿಗೆ ಸುಮ್ಮನೆ ಕೂರುವಷ್ಟರಲ್ಲಿ, ಓ ಇವನಿಲ್ಲ ಎಂದು ಮತ್ತೆ ನಿಲ್ಲಿಸಿದಿರಿ. ದಿನವಿಡೀ ಇದೇ ಉಪಚಾರ. ಇತ್ತ ಮಾಲೀಕರ ಕಾರನ್ನೇ ದಿಟ್ಟಿಸುತ್ತಾ, ಕೆಲಸವಿಲ್ಲದಿದ್ದರೂ ಕತ್ತು ತಿರುಗಿಸುತ್ತಾ, ಎಲ್ಲರಿಗಿಂತ ಹೆಚ್ಚು ತಿನ್ನುವ ಗೇಟಿನ ಕ್ಯಾಮೆರಾ ಒಂದು ಕ್ಷಣವೂ ಉಪವಾಸ ಬಿದ್ದದ್ದಿಲ್ಲ.

ಮೊನ್ನೆ ಮಧ್ಯಾಹ್ನ ಯಜಮಾನರು ಗುಂಡಿ ಒತ್ತಿದರು. ದೀಪ ಹತ್ತಲಿಲ್ಲ. ಗಿರಾಕಿ ಇದ್ದಾರೇನೋ, ತೊಂದರೆ ಕೊಡಬಾರದು ಎಂದು ಅವರು ಕಾದರು. ದೀಪ ಹತ್ತಿಲ್ಲವಲ್ಲ, ನಿದ್ದೆ ಮಾಡುತ್ತಿದ್ದಾರೆ, ಎಬ್ಬಿಸಬಾರದು ಎಂದು ನಾನು ಶಾಲಾ ಸಮವಸ್ತ್ರದ ಕಾಲರುಗಳನ್ನು ಹೊಲಿಯುತ್ತಾ ಕೂತೆ. ಕೊನೆಗೆ ಊಟ ಹಿಡಿದು ಹೋದಾಗ, ಒದ್ದೆಯಾದ ಹಾಸಿಗೆಯ ಮೇಲೆ ಮಲಗಿಕೊಂಡೇ, ಒಂದೇ ಕೈಯಲ್ಲಿ ಹೊದಿಕೆ ಎಳೆದು ಅದನ್ನು ಮುಚ್ಚಲು ಹೆಣಗುತ್ತಿದ್ದರು. ನನ್ನನ್ನು ನೋಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ, "ಒತ್ತಿದೆ ಕಣೇ... ನೀನು ಕೆಲಸದಲ್ಲಿದ್ದೆ ಅನ್ಸುತ್ತೆ" ಎಂದರು. ಹಾಸಿಗೆ ಬದಲಿಸುವಷ್ಟು ಹೊತ್ತೂ ನನಗೆ ತಮ್ಮ ಮೇಲೆ ಸಿಟ್ಟು ಬಂತು, ಆಮೇಲೆ ಅವರ ಮೇಲೆ ಬಂತು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಈ ಸಂಗತಿ ತಮ್ಮ ದಾಖಲೆಯಲ್ಲಿ "ಯಾರೂ ಇಲ್ಲ" ಎಂದು ನಮೂದಾಗಿರುವುದರಿಂದ ವಿವರವಾಗಿ ತಿಳಿಸಬೇಕಾಯಿತು.

ಅಣ್ಣನ ಮಗ ಓಡಿಬಂದು ನೀಲಿ ದೀಪವನ್ನು ಮತ್ತೆ ಜೋಡಿಸಿ, ಅದರ ಜೊತೆಗೆ ಏನನ್ನೋ ಬೆಸೆದ. ಅದೇನು ಮಾಡುತ್ತದೆ ಎಂದರೆ, "ಏನೂ ಮಾಡಲ್ಲ ಅತ್ತೆ, ಬೆಚ್ಚಗಾಗ್ತಾ ಕೂತಿರುತ್ತೆ. ಅಷ್ಟಾದ್ರೆ ಪೆಟ್ಟಿಗೆಗೆ ನಂಬಿಕೆ ಬರುತ್ತೆ" ಎಂದ. ಏನೂ ಮಾಡದೆ ಬೆಚ್ಚಗೆ ಕೂತವರಿಗೆ ಎಲ್ಲ ಕಡೆ ಮರ್ಯಾದೆ ಸಿಗುವುದನ್ನು ನೋಡಿದ್ದ ನಾನು ಆಶ್ಚರ್ಯಪಡಲಿಲ್ಲ. ದೀಪಕ್ಕೆ ಕಪ್ಪು ಬಟ್ಟೆಯ ಪುಟ್ಟ ಟೋಪಿ ಹೊಲಿದು ಹಾಕಿದ್ದೇನೆ. ಗುಂಡಿ ಈಗ ಕೆಲಸ ಮಾಡುತ್ತಿದೆ.

ಹಾಗಾದರೆ ದೂರೇನು ಎಂದು ತಾವು ಕೇಳಬಹುದು. ದೂರು ತಮ್ಮೊಬ್ಬರ ಮೇಲಲ್ಲ. ಯಜಮಾನರು ಹಾಸಿಗೆ ಹಿಡಿದ ಹೊಸದರಲ್ಲಿ ಅವರ ಜೊತೆ ಬಸ್ ಓಡಿಸಿದವರು, ನಾದಿನಿಯರು, ಓರಗಿತ್ತಿಯರು ಎಲ್ಲರೂ ಬಂದು, ಏನು ಬೇಕು ಹೇಳಿ ಎಂದು ಕೇಳಿದರು. ಏನೂ ಬೇಡ, ಆರಾಮಾಗಿದ್ದೇವೆ ಎಂದೆವು. ಅವರೆಲ್ಲ ತಮ್ಮ ಪೆಟ್ಟಿಗೆಯ ಕಾನೂನನ್ನು ಎಲ್ಲಿ ಓದಿಕೊಂಡರೋ ಕಾಣೆ, ಒಬ್ಬೊಬ್ಬರಾಗಿ ಬರುವುದನ್ನೇ ನಿಲ್ಲಿಸಿದರು. ತಾವಾದರೂ ಕ್ಷಣ ಬಿಟ್ಟು ತಿರುಗಿ ಬಂದು ಕೇಳುತ್ತೀರಿ. ಆ ಮಟ್ಟಿಗೆ ತಾವು ನಮ್ಮ ನೆಂಟರಿಗಿಂತ ಎಷ್ಟೋ ಮೇಲು.

ಆದ್ದರಿಂದ ಸವಿನಯ ಬೇಡಿಕೆ ಏನೆಂದರೆ, ಯಾರನ್ನಾದರೂ ಇಲ್ಲವೆಂದು ಬರೆದುಕೊಳ್ಳುವ ಮೊದಲು ತಾವು ದಯಮಾಡಿ ಪೆಟ್ಟಿಗೆಯಿಂದ ಹೊರಬಂದು, ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಬೇಕು. ಅದು ಕಷ್ಟವಾದರೆ, ಒಂದಿಷ್ಟು ಹಟ ಮಾಡುವುದನ್ನು, ಬೇಕು ಬೇಕು ಎಂದು ರಚ್ಚೆ ಹಿಡಿಯುವುದನ್ನು, ಗೇಟಿನ ಕ್ಯಾಮೆರಾದವರಿಂದ ನಮ್ಮ ಯಜಮಾನರಿಗೆ ಹೇಳಿಕೊಡಿಸಬೇಕು. ನಾನು ಹೇಳಿ ಸೋತೆ. ಸುಮ್ಮಸುಮ್ಮನೆಯಾದರೂ ಒತ್ತಿ ಎಂದರೆ, ನಿನ್ನ ಕೆಲಸ ಕೆಡುತ್ತೆ ಎನ್ನುತ್ತಾರೆ.

ಕಡಿಮೆ ಬೇಡುವ ಸಕಲರ ಪರವಾಗಿ,

ತಮ್ಮ ವಿಶ್ವಾಸಿ,
ನೆಲಮಹಡಿಯ ಹೊಲಿಗೆಯವಳು

ಮರೆತ ಮಾತು: ಸಹಿ ಹಾಕುವಷ್ಟರಲ್ಲಿ ಕೆಂಪು ದೀಪ ಹತ್ತಿತು. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮೇಲೆ ಓಡಿದೆ. ನೀರಿನ ಲೋಟ ತುಂಬಿತ್ತು, ಹಾಸಿಗೆ ಒಣಗಿತ್ತು, ಫ್ಯಾನು ತಿರುಗುತ್ತಿತ್ತು. ಏನು ಬೇಕು ಎಂದೆ. "ಏನಿಲ್ಲ... ಸುಮ್ನೆ ಕರೆದೆ" ಎಂದರು. ಮಂಚದ ತುದಿಯಲ್ಲಿ ಕೂತುಬಿಟ್ಟೆ. ಕೆಳಗೆ ಮಾಲೀಕರು ಹೊಲಿಯಲು ಕೊಟ್ಟಿದ್ದ ಅಂಗಿಗಾಗಿ ಕಾದು ಕಾದು ಹೊರಟುಹೋದರಂತೆ. ತಾವು ವಿಚಾರಿಸಿದರೆ, ಅಂಗಡಿಯಲ್ಲಿ ಯಾರೂ ಇರಲಿಲ್ಲವೆಂದೇ ಬರೆದುಕೊಳ್ಳಿ.