ಮೂವತ್ತೆಂಟು ಸೀರೆಗಳ ಕಡತ

ರೆಕಾರ್ಡ್ ರೂಮಿನ ಜಯದೇವಪ್ಪನವರಿಗೆ ತಮ್ಮ ಮನೆಯ ಬಗ್ಗೆ ಬಹಳ ವರ್ಷಗಳಿಂದ ಒಂದು ದೂರು ಇತ್ತು. ಕಚೇರಿಯಲ್ಲಿ ಐವತ್ತು ವರ್ಷ ಹಿಂದಿನ ಕಾಗದ ಕೇಳಿದರೂ ಅವರು ಹತ್ತು ನಿಮಿಷದಲ್ಲಿ ಧೂಳು ಕೊಡವಿ ಕೈಗಿಡಬಲ್ಲರು. ಮನೆಯಲ್ಲಿ ನಿನ್ನೆ ಒಗೆದು ಹಾಕಿದ ಬನಿಯನ್ ಇವತ್ತು ಸಿಗುವುದಿಲ್ಲ.

ಹೊನ್ನಾಳಿಯ ಒಂದು ಸರ್ಕಾರಿ ಕಚೇರಿಯಲ್ಲಿ (ಯಾವುದೆಂದು ಹೇಳಿದರೆ ಉಳಿದ ಕಚೇರಿಯವರು ಮುನಿಸಿಕೊಳ್ಳುತ್ತಾರೆ) ಹದಿನಾರು ವರ್ಷದಿಂದ ಹಳೆಯ ಕಡತಗಳೆಲ್ಲ ಅವರ ಸುಪರ್ದಿನಲ್ಲಿವೆ. ನ್ಯಾಮತಿ ಬೇರೆ ತಾಲ್ಲೂಕಾದಾಗ ಎರಡು ಕಡೆಯ ಕಡತಗಳನ್ನು ಬೇರ್ಪಡಿಸಿ, ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ, ಪಟ್ಟಿ ಬರೆದು, ಲಾರಿಗೆ ಏರಿಸಿ ಕಳಿಸಿದವರು ಅವರೇ. ಒಂದು ಹಾಳೆಯೂ ಹೆಚ್ಚುಕಡಿಮೆ ಆಗಲಿಲ್ಲ. ಅಣ್ಣತಮ್ಮಂದಿರ ಪಾಲು ಕೂಡ ಇಷ್ಟು ತಂಟೆಯಿಲ್ಲದೆ ಮುಗಿದದ್ದನ್ನು ನೋಡಿಲ್ಲ ಎಂದು ಸಾಹೇಬರು ಅಂದಿದ್ದರು. ಈ ಮಾತನ್ನು ಜಯದೇವಪ್ಪನವರು ಮನೆಯಲ್ಲಿ ಹೇಳಿದಾಗ ಹೆಂಡತಿ ನಿರ್ಮಲಮ್ಮ, "ಸರಿ, ಆ ಸಾಸಿವೆ ಡಬ್ಬಿ ಎಲ್ಲಿಟ್ರಿ?" ಎಂದು ಕೇಳಿದ್ದರು.

ಇಂಥ ಹೊತ್ತಿನಲ್ಲಿ ದಾವಣಗೆರೆಯಲ್ಲಿ ಎರಡು ದಿನದ ತರಬೇತಿಯಾಯಿತು. ಕಡತಗಳಲ್ಲಿ ಐದು ವರ್ಗ. ಎ ವರ್ಗ ಶಾಶ್ವತ, ಬಿ ಮೂವತ್ತು ವರ್ಷ, ಸಿ ಹತ್ತು, ಡಿ ಐದು, ಇ ಒಂದೇ ವರ್ಷ. ಅವಧಿ ಮುಗಿದದ್ದಕ್ಕೆ ಪಟ್ಟಿ ಮಾಡಿ ನಾಶಪಡಿಸಬೇಕು. ಇದೆಲ್ಲ ಜಯದೇವಪ್ಪನವರಿಗೆ ಬಾಯಿಪಾಠವೇ. ಆದರೆ ತರಬೇತಿ ಕೊಟ್ಟವರು ಕೊನೆಗೆ ಒಂದು ಮಾತು ಸೇರಿಸಿದರು: "ಈ ಶಿಸ್ತು ಮನೆಯಿಂದ ಶುರುವಾಗಬೇಕು." ಉಳಿದ ನಲವತ್ತು ಮಂದಿ ಅದನ್ನು ಊಟದ ಗಂಟೆಗೆ ಮುಂಚಿನ ಮಾತು ಎಂದುಕೊಂಡು ಎದ್ದರು. ಜಯದೇವಪ್ಪನವರು ಬರೆದುಕೊಂಡರು.

ಎರಡನೇ ಶನಿವಾರ ಬಂತು. ನಿರ್ಮಲಮ್ಮ ತಂಗಿ ಪುಷ್ಪಾಳ ಮೊಮ್ಮಗಳ ನಾಮಕರಣಕ್ಕೆಂದು ಎರಡು ದಿನ ನಲ್ಲೂರಿಗೆ ಹೋದರು. ಬಸ್ ಹತ್ತಿಸಿ ಬಂದವರೇ ಜಯದೇವಪ್ಪನವರು ಲುಂಗಿ ಮೇಲೆ ಕಟ್ಟಿ ಕಾರ್ಯಾಚರಣೆಗೆ ಇಳಿದರು. ಮನೆ ಪತ್ರ, ಮಾರ್ಕ್ಸ್ ಕಾರ್ಡು ಎ ವರ್ಗ. ಮಿಕ್ಸಿಯ ವಾರಂಟಿ ಡಿ ವರ್ಗ. ಹಾಲಿನ ಚೀಟಿ, ಮುಗಿದ ಮದುವೆಗಳ ಕರೆಯೋಲೆ ಇ ವರ್ಗ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅವರು ಮಂಚದ ಕೆಳಗಿನ ದೊಡ್ಡ ಟ್ರಂಕಿಗೆ ತಲುಪಿದರು.

ಅದು ಕೊಡುವ ಸೀರೆಗಳ ಟ್ರಂಕು. ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಮುಯ್ಯಿಯಾಗಿ ಬಂದ ಸೀರೆಗಳು ಅದರಲ್ಲಿ ಇದ್ದವು. ಇವನ್ನು ಯಾರೂ ಉಡುವುದಿಲ್ಲ. ಒಂದು ಮನೆಯಿಂದ ಬಂದದ್ದು ಇನ್ನೊಂದು ಮನೆಗೆ ಹೋಗುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಚನ್ನಗಿರಿಯಲ್ಲಿ ಹೊರಟ ಸೀರೆ ನ್ಯಾಮತಿ, ಹೊನ್ನಾಳಿ ಸುತ್ತಿ ಜಗಳೂರು ಸೇರುವಷ್ಟರಲ್ಲಿ ಜಯದೇವಪ್ಪನವರಿಗಿಂತ ಹೆಚ್ಚು ಊರು ನೋಡಿರುತ್ತದೆ. ಈ ಸಂಚಾರಕ್ಕೆ ಕಾಯಿದೆ ಒಂದೇ: ಕೊಟ್ಟವರಿಗೇ ಅದನ್ನು ವಾಪಸು ಕೊಡಕೂಡದು.

ಟ್ರಂಕಿನಲ್ಲಿ ಮೂವತ್ತೆಂಟು ಸೀರೆ ಇದ್ದವು. ಪ್ರತಿಯೊಂದಕ್ಕೂ ಒಂದು ಪಿನ್ನು, ಪಿನ್ನಿನಲ್ಲಿ ಕ್ಯಾಲೆಂಡರ್ ಹಾಳೆಯ ಒಂದು ಚೂರು, ಅದರ ಮೇಲೆ ಪೆನ್ಸಿಲ್ಲಿನ ಗೀಚು. ಜಯದೇವಪ್ಪನವರು ನಿಟ್ಟುಸಿರು ಬಿಟ್ಟರು. ಪಿನ್ನು ತುಕ್ಕು ಹಿಡಿದು ದಾಖಲೆಗೆ ಹಾನಿ ಮಾಡುತ್ತದೆ, ಮೊದಲು ಅದನ್ನು ತೆಗೆಯಬೇಕು ಎಂದು ತರಬೇತಿಯಲ್ಲಿ ಎರಡು ಸಲ ಹೇಳಿದ್ದರು. ತೆಗೆದರು. ಬಿಡಿ ಚೀಟಿ ಎಂದರೆ ತಾತ್ಕಾಲಿಕ ಟಿಪ್ಪಣಿ, ಇ ವರ್ಗ. ಅವನ್ನು ಬಚ್ಚಲ ಒಲೆಗೆ ಹಾಕಿದರು. ಸೀರೆಗಳನ್ನು ಬಣ್ಣದ ಪ್ರಕಾರ ಜೋಡಿಸಿ, ಒಂದರಿಂದ ಮೂವತ್ತೆಂಟರವರೆಗೆ ನಂಬರು ಕೊಟ್ಟು, ಕೆಂಪು ಬಟ್ಟೆಯಲ್ಲಿ ನಾಲ್ಕು ಗಂಟು ಕಟ್ಟಿದರು. ನಾಶಪಡಿಸಿದ ಪಟ್ಟಿಯಲ್ಲಿ ಬರೆದರು: "ಚೀಟಿ, ಮೂವತ್ತೆಂಟು. ಪಿನ್ನು, ಮೂವತ್ತೆಂಟು (ಮರುಬಳಕೆಗೆ ಇಡಲಾಗಿದೆ)."

ಸೋಮವಾರ ಬೆಳಿಗ್ಗೆ ನಿರ್ಮಲಮ್ಮ ಬಂದರು. ಅಡಿಗೆಮನೆ ನೋಡಿದರು, ಬೀರು ನೋಡಿದರು, ಮೊದಲ ಬಾರಿಗೆ ಮೆಚ್ಚುಗೆಯಿಂದ ತಲೆ ಆಡಿಸಿದರು. ಆಮೇಲೆ ಟ್ರಂಕು ಎಳೆದರು.

"ಏನ್ರೀ, ಚೀಟಿ ಎಲ್ಲಿ?"

"ಯಾವ ಚೀಟಿ?"

"ಸೀರೆಗೆ ಹಚ್ಚಿದ್ದು."

"ಓ, ಅವಾ? ಅವಧಿ ಮುಗಿದಿತ್ತು. ಪಟ್ಟಿ ಮಾಡಿ ನಾಶ ಮಾಡೀನಿ. ನೋಡು, ಸಹಿನೂ ಐತೆ."

ನಿರ್ಮಲಮ್ಮ ಟ್ರಂಕಿನ ಮುಂದೆ ಕೂತುಬಿಟ್ಟರು. "ಯಾವ ಸೀರೆ ಯಾರು ಕೊಟ್ಟಿದ್ದು ಅಂತ ಬರೆದಿದ್ದೆ ಕಣ್ರೀ ಅದ್ರಾಗೆ! ಗುರುವಾರ ಶಿವಲೀಲಾನ ಗೃಹಪ್ರವೇಶ ಐತೆ. ಈಗ ಹೆಂಗೆ ಹೋಗಲಿ ನಾನು?"

ಜಯದೇವಪ್ಪನವರು ಪಟ್ಟಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಶಿವಲೀಲಾ ಎಂದರೆ ಅವರ ಒಬ್ಬಳೇ ತಂಗಿ, ಜಗಳೂರಿಗೆ ಕೊಟ್ಟವಳು. ನಾಲ್ಕು ವರ್ಷದ ಹಿಂದೆ ಅವಳ ಮಗಳ ಸೀಮಂತದಲ್ಲಿ ನಿರ್ಮಲಮ್ಮ ಒಂದು ಸೀರೆ ಕೊಟ್ಟರು. ಅದು ಶಿವಲೀಲಾಳೇ ಹಿಂದಿನ ವರ್ಷ ಕೊಟ್ಟದ್ದಾಗಿತ್ತು. ಅವತ್ತು ನಿಂತ ಮಾತು ಕಳೆದ ತಿಂಗಳವರೆಗೂ ಶುರುವಾಗಿರಲಿಲ್ಲ. ನಡುವೆ ಜಯದೇವಪ್ಪನವರ ಮಗಳ ಮದುವೆಯಾಯಿತು. ಶಿವಲೀಲಾ ಬರಲಿಲ್ಲ, ಗಂಡ ಪರಮೇಶನ ಕೈಯಲ್ಲಿ ಸೀರೆ ಮಾತ್ರ ಕಳಿಸಿದಳು. (ಮಾತು ಬಿಡಬಹುದು, ಮುಯ್ಯಿ ಬಿಡುವಂತಿಲ್ಲ.) ಈಗ ತಾನಾಗಿ ಹೊನ್ನಾಳಿಗೆ ಬಂದು, ಅತ್ತಿಗೆಗೆ ಕುಂಕುಮ ಹಚ್ಚಿ, "ನೀವು ಬರದಿದ್ರೆ ನಾನು ಹೊಸಲು ದಾಟಾಕಿಲ್ಲ" ಎಂದು ಕರೆದು ಹೋಗಿದ್ದಳು. ಅವಳು ಕೊಟ್ಟ ಸೀರೆಯೇ ಇನ್ನೊಮ್ಮೆ ಅವಳ ಕೈಗೆ ಹೋದರೆ, ಈ ಜನ್ಮಕ್ಕೆ ಅಣ್ಣತಂಗಿಯ ಬಾಂಧವ್ಯ ಮುಗಿದಂತೆಯೇ.

"ಅವಳು ಕಳಿಸಿದ್ದು ಯಾವುದು ಅಂತ ನೆನಪಿಲ್ವಾ ನಿನಗೆ?"

"ಮದುವೆ ಗಡಿಬಿಡಿಯಾಗೆ ಒಂದೇ ದಿನ ಮೂವತ್ತು ಸೀರೆ ಬಂದ್ವು. ನೆನಪು ಇಟ್ಕಳಾಕೆ ಆಗಿದ್ರೆ ಚೀಟಿ ಯಾಕೆ ಬರೀತಿದ್ದೆ? ಹೋಗ್ಲಿ ಬಿಡ್ರಿ, ಅಂಗಡಿಗೆ ಹೋಗಿ ಒಂದು ಹೊಸಾದು ತರೋಣ, ಮುಗೀತು."

ಇಲ್ಲೇ ಜಯದೇವಪ್ಪನವರು ಒಪ್ಪಿಬಿಡಬೇಕಿತ್ತು. ಆದರೆ ಮೂವತ್ತೆಂಟು ಸೀರೆ ಎದುರಿಗಿಟ್ಟುಕೊಂಡು ಮೂವತ್ತೊಂಬತ್ತನೆಯದು ತರುವುದೆಂದರೆ ತಮ್ಮ ಹದಿನಾರು ವರ್ಷದ ಕೀರ್ತಿಗೆ ತಾವೇ ಮಸಿ ಬಳಿದಂತೆ ಎಂದು ಅವರಿಗೆ ಅನ್ನಿಸಿತು.

"ಕಡತ ಕಳೆದುಹೋದ್ರೆ ಕಚೇರಿ ಬಾಗಿಲು ಹಾಕ್ತೀವೇನು? ಮರುನಿರ್ಮಾಣ ಮಾಡ್ತೀವಿ. ಸಂಬಂಧಪಟ್ಟೋರನ್ನೆಲ್ಲ ಕೇಳಿ, ಹೇಳಿಕೆ ಬರಕೊಂಡು, ಕಡತಾನ ಮತ್ತೆ ಕಟ್ತೀವಿ. ನೀನು ಸುಮ್ನೆ ನೋಡ್ತಿರು."

ಹೊಸ ರಿಜಿಸ್ಟರು ತೆರೆದು, ಗೆರೆ ಎಳೆದು, ಅವರು ಮೊದಲು ಗೋವಿನಕೋವಿಯ ಮೂಕಮ್ಮನಿಗೆ ಫೋನು ಮಾಡಿದರು. ಸಂಬಂಧದಲ್ಲಿ ಚಿಕ್ಕಮ್ಮ. ಹೆಸರು ಮೂಕಮ್ಮ ಆದರೂ ಮಾತಿಗೆ ಬರವಿಲ್ಲ.

"ಚಿಕ್ಕಮ್ಮ, ನಮ್ಮ ಹುಡುಗಿ ಮದುವೇಲಿ ನೀವು ಕೊಟ್ಟ ಸೀರೆ ಯಾವುದು?"

"ಯಾಕಪ್ಪಾ, ಬಣ್ಣ ಬಿಡ್ತಾ?"

"ಇಲ್ಲ ಇಲ್ಲ, ಸುಮ್ನೆ ದಾಖಲೆಗೆ."

"ಯಾರು ಏನಂದ್ರು? ಆ ನ್ಯಾಮತಿಯೋಳು ಏನಾರ ಅಂದ್ಲಾ? ನಾನು ಕೊಟ್ಟಿದ್ದು ರೇಷ್ಮೆ ಕಣಪ್ಪಾ. ಕುಂಕುಮದ ಬಣ್ಣ, ಗೇಣು ಅಗಲ ಅಂಚು. ಬರಕೋ. ಅಲ್ಲ ಅಂದೋರನ್ನ ನನ್ ಮುಂದೆ ಕರ್ಕೊಂಬಾ."

ಜಯದೇವಪ್ಪನವರು ಬರೆದುಕೊಂಡರು. ಆಮೇಲೆ ನ್ಯಾಮತಿಯ ಹಾಲೇಶಪ್ಪ, ದೊಡ್ಡಪ್ಪನ ಮಗ. ಅವನು ಫೋನನ್ನು ಕಿವಿಯಿಂದ ಸರಿಸದೆಯೇ ಒಳಗೆ ಕೂಗಿದ, "ಲೇ, ಜಯಣ್ಣನ ಮನೆ ಮದುವೆಗೆ ಏನು ಕೊಟ್ಟಿದ್ವೇ?"

ಒಳಗಿನಿಂದ ಹೆಂಡತಿಯ ದನಿ ಬಂತು, "ಮೈಸೂರು ಸಿಲ್ಕ್ ಅಂತ ಹೇಳ್ರಿ."

"ಮೈಸೂರು ಸಿಲ್ಕ್ ಅಂತೆ ಕಣಣ್ಣಾ."

ಜಯದೇವಪ್ಪನವರು "ಮೈಸೂರು ಸಿಲ್ಕ್" ಎಂದು ದಾಖಲಿಸಿದರು. "ಅಂತ ಹೇಳ್ರಿ" ಎಂಬುದನ್ನು ದಾಖಲಿಸಲು ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ಪುಷ್ಪಾ ಇನ್ನೂ ಚುರುಕು. "ಯಾಕೆ ಭಾವ, ಅಕ್ಕ ನಿನ್ನೆ ಇಲ್ಲೇ ಇದ್ಲಲ್ಲ, ನನ್ನ ಮುಖಕ್ಕೇ ಕೇಳಬಹುದಿತ್ತಲ್ಲ? ರೇಷ್ಮೇನೇ ಕೊಟ್ಟಿದ್ದು, ನವಿಲು ಬಣ್ಣ. ನಾನೇನು ಹೊರಗಿನೋಳಾ ಸಾದಾ ಸೀರೆ ಕೊಡಾಕೆ?"

ಮಂಗಳವಾರ ಸಂಜೆಗೆ ಇಪ್ಪತ್ತಾರು ಮನೆಯವರ ಹೇಳಿಕೆ ಆಯಿತು. ಶಿವಲೀಲಾಳನ್ನು ಹೇಗೆ ಕೇಳುವುದೆಂದು ಜಯದೇವಪ್ಪನವರು ಯೋಚಿಸುತ್ತಿರುವಾಗ ಅವಳದೇ ಫೋನು ಬಂತು.

"ಅಣ್ಣಾ, ಊರೋರನ್ನೆಲ್ಲ ಕೇಳಿದ್ಯಂತೆ, ನನ್ನೊಬ್ಬಳನ್ನ ಬಿಟ್ಟೀಯಲ್ಲ. ಮಾತು ಬಿಟ್ಟಾಗ ಕಳಿಸಿದ್ದು, ಏನೋ ಬಿಸಾಕಿರ್ತಾಳೆ ಅಂದ್ಕಂಡ್ಯಾ?"

"ಛೆ, ಹಂಗಲ್ಲಮ್ಮ..."

"ರೇಷ್ಮೆ ಸೀರೆ ಅಣ್ಣಾ. ನೇರಳೆ ಬಣ್ಣ, ಎರಡೂ ಕಡೆ ಜರಿ ಅಂಚು. ನಿಂತು ಆರಿಸಿದ್ದು. ಬರಕೊಂಡ್ಯಾ?"

ಬರೆದುಕೊಂಡರು. ಫೋನಿಟ್ಟು ಟ್ರಂಕಿನ ಜೊತೆ ತಾಳೆ ನೋಡಿದರು. ರಿಜಿಸ್ಟರಿನ ಪ್ರಕಾರ ಏಳು ರೇಷ್ಮೆ ಸೀರೆ ಇರಬೇಕು, ಟ್ರಂಕಿನಲ್ಲಿ ಇದ್ದವು ಎರಡು. ನೇರಳೆ ಬಣ್ಣದ್ದಂತೂ ಇಲ್ಲವೇ ಇಲ್ಲ.

"ಐದು ಕಮ್ಮಿ ಬಂತಲ್ಲೇ. ನೀನು ಯಾರಿಗಾದ್ರೂ ಕೊಟ್ಯಾ?"

ನಿರ್ಮಲಮ್ಮ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಿ, ರಿಜಿಸ್ಟರು ತೆಗೆದುಕೊಂಡು, ಮೊದಲಿನಿಂದ ಕೊನೆವರೆಗೆ ಓದಿದರು. ಓದುತ್ತ ಓದುತ್ತ ಅವರ ಬಾಯಿಯ ಒಂದು ತುದಿ ಮೇಲೆದ್ದಿತು. "ಇಲ್ಲಪ್ಪಾ, ನಾನ್ಯಾರಿಗೂ ಕೊಟ್ಟಿಲ್ಲ" ಎಂದಷ್ಟೇ ಹೇಳಿ ಮತ್ತೆ ಹುರುಳಿಕಾಯಿ ಹಿಡಿದರು.

ಜಯದೇವಪ್ಪನವರಿಗೆ ಆ ಐದು ಸೀರೆಗಿಂತ ದೊಡ್ಡ ಸಂಗತಿ ಹೊಳೆದಿತ್ತು. ಟ್ರಂಕಿನಲ್ಲಿ ನೇರಳೆ ಇಲ್ಲ ಎಂದ ಮೇಲೆ ಅದರಲ್ಲಿರುವ ಯಾವುದೂ ಶಿವಲೀಲಾಳದ್ದಲ್ಲ. ಯಾವುದನ್ನು ಕೊಟ್ಟರೂ ಭಯವಿಲ್ಲ! ಅವರು ಇಪ್ಪತ್ತೊಂದನೇ ನಂಬರಿನ ಗಿಣಿಹಸಿರು ಸೀರೆ ತೆಗೆದರು. ಕೆಂಪು ಅಂಚು, ತೂಕವಾಗಿತ್ತು.

"ನನಗ್ಯಾಕೋ ಎದೆ ಡವಡವ ಅಂತೈತೆ ಕಣ್ರೀ. ಹೊಸಾದೇ ತರೋಣ."

"ಅವಳೇ ಬಾಯಿಬಿಟ್ಟು ಹೇಳಿಕೆ ಕೊಟ್ಟಾಳೆ. ದಾಖಲೆ ಮೇಲೆ ನಂಬಿಕೆ ಇಡಬೇಕು ನಿರ್ಮಲಾ."

ಗುರುವಾರ ಜಗಳೂರು. ಹೊಸ ಮನೆಯ ತುಂಬ ಸುಣ್ಣಬಣ್ಣದ ವಾಸನೆ, ಜನ. ಪೂಜೆ ಮುಗಿದ ಮೇಲೆ ಮುಯ್ಯಿ ಶುರುವಾಯಿತು. ನಿರ್ಮಲಮ್ಮ ತಟ್ಟೆಯಲ್ಲಿ ಎಲೆಅಡಿಕೆ, ಸೀರೆ ಇಟ್ಟು ಕೊಟ್ಟರು. ಶಿವಲೀಲಾ ನಗುನಗುತ್ತ ಮಡಿಕೆ ಬಿಚ್ಚಿದಳು.

ಅವಳ ನಗು ಅರ್ಧಕ್ಕೆ ನಿಂತಿತು. ಪಕ್ಕದಲ್ಲಿ ಪಂಚೆ ಸರಿಮಾಡಿಕೊಳ್ಳುತ್ತಿದ್ದ ಪರಮೇಶ ಬಗ್ಗಿ ನೋಡಿ, "ಲೇ, ಇದು ನೀನು ನನ್ ಕೈಲಿ ಹೊನ್ನಾಳಿಗೆ ಕಳಿಸಿದ್..." ಎಂದ.

"ಎಲೆ ಹಾಕಿದ್ರಾ ನೋಡ್ಕಂಬರ್ರಿ!" ಎಂದಳು ಶಿವಲೀಲಾ. ಅವನಷ್ಟು ಬೇಗ ಎದ್ದುಹೋದ ಗಂಡಂದಿರು ಕಡಿಮೆ.

ಜಯದೇವಪ್ಪನವರಿಗೆ ಈಗ ಅರ್ಥವಾಯಿತು. ನೇರಳೆ ರೇಷ್ಮೆ ಎಂಬುದು ಈ ಭೂಮಿಯ ಮೇಲೆ ಯಾವತ್ತೂ ಇರಲೇ ಇಲ್ಲ! ಕೊಟ್ಟದ್ದೇನು ಎಂದು ಹೇಳುವಾಗ ತಂಗಿ ಹೇಳಿದ್ದು ಕೊಡಬೇಕೆಂದಿದ್ದ ಸೀರೆಯನ್ನು. ಮೂಕಮ್ಮನೂ ಹಾಗೇ, ಹಾಲೇಶಪ್ಪನ ಹೆಂಡತಿಯೂ ಹಾಗೇ. ಈಗ ತಂಗಿ ಸೀರೆ ತಟ್ಟೆಗೆ ಬಿಸಾಕಿ ಒಳಗೆ ಹೋಗುತ್ತಾಳೆ ಎಂದು ಅವರು ಕಾದರು.

ಆದರೆ ಶಿವಲೀಲಾ ಹೋಗಲಿಲ್ಲ. ಹೋಗುವಂತಿರಲಿಲ್ಲ. "ಇದು ನಾನೇ ಕೊಟ್ಟಿದ್ದು" ಅಂದರೆ ನೇರಳೆ ರೇಷ್ಮೆ ಸುಳ್ಳಾಗುತ್ತದೆ, ಅದೂ ಇಡೀ ಬಳಗದ ಎದುರಿಗೆ. ಅವಳು ತನ್ನ ಸೀರೆಯನ್ನು ತಾನೇ ಕೆನ್ನೆಗೊತ್ತಿಕೊಂಡಳು. "ಎಷ್ಟು ಚೆಂದ ಐತೆ ಅತ್ತಿಗೆ! ಹೆಂಗೆ ಗೊತ್ತಾತು ನಿಮಗೆ ನನಗೆ ಹಸಿರು ಇಷ್ಟ ಅಂತ?"

ಬಾಂಧವ್ಯ ಉಳಿಯಿತು. ಅಷ್ಟರಲ್ಲಿ ಶಿವಲೀಲಾ, ಸೇಡೋ ಪ್ರೀತಿಯೋ ತಿಳಿಯದಂಥ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಅಂದಳು, "ನಾನು ಕೊಟ್ಟ ನೇರಳೆ ರೇಷ್ಮೆ ಉಟ್ಕೊಂಡು ಬರ್ತೀರಿ ಅಂತ ಕಾಯ್ತಿದ್ದೆ. ಇಷ್ಟ ಆಗ್ಲಿಲ್ವಾ ಅತ್ತಿಗೆ?"

"ಹೌದವ್ವಾ, ನಂದೂ ಉಟ್ಟಿಲ್ಲ" ಎಂದು ಗೋಡೆಗೊರಗಿದ್ದ ಮೂಕಮ್ಮ ದನಿ ಸೇರಿಸಿದಳು. "ಕುಂಕುಮದ ಬಣ್ಣದ್ದು, ಗೇಣಗಲ ಅಂಚಿಂದು."

"ನಮ್ಮ ಮೈಸೂರು ಸಿಲ್ಕು?" ಎಂದಳು ಹಾಲೇಶಪ್ಪನ ಹೆಂಡತಿ, ಹಿಂದುಳಿಯಬಾರದೆಂದು.

ನಿರ್ಮಲಮ್ಮ ಸ್ವಲ್ಪವೂ ವಿಚಲಿತರಾಗಲಿಲ್ಲ. ಸೆರಗು ಸರಿಮಾಡಿಕೊಂಡು, ಗಂಡನ ಕಡೆ ಕೈ ತೋರಿಸಿದರು. "ಎಲ್ಲಾ ಇವರ ಸುಪರ್ದಿನಾಗೆ ಭದ್ರವಾಗೈತೆ. ಒಬ್ಬೊಬ್ಬರದೂ ರಿಜಿಸ್ಟರ್‌ನಾಗೆ ಬರೆದಾರೆ. ಬರೋ ತಿಂಗಳು ಮೊಮ್ಮಗನ ಜವಳ ಐತೆ, ನೀವೆಲ್ಲ ಬರ್ರಿ. ಒಂದೊಂದೇ ಉಟ್ಟು ತೋರಿಸ್ತೀನಿ."

ಬಳಗವೆಲ್ಲ ಜಯದೇವಪ್ಪನವರ ಕಡೆ ತಿರುಗಿ, ತೃಪ್ತಿಯಿಂದ ತಲೆ ಆಡಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ನಿರ್ಮಲಮ್ಮ ಬಹಳ ಮೃದುವಾಗಿ ಕೇಳಿದರು, "ನಿಮ್ಮ ಆಫೀಸ್‌ನಾಗೆ, ರಿಜಿಸ್ಟರ್‌ನಾಗೆ ಇರೋ ಫೈಲು ಬೀರುವಿನಾಗೆ ಇಲ್ಲ ಅಂದ್ರೆ ಯಾರನ್ನ ಹಿಡೀತಾರ‍್ರೀ?"

"ರೆಕಾರ್ಡ್ ರೂಮಿನೋನ್ನ" ಎಂದುಬಿಟ್ಟರು ಜಯದೇವಪ್ಪ, ಹದಿನಾರು ವರ್ಷದ ಅಭ್ಯಾಸದಲ್ಲಿ.

"ಹಂಗಾದ್ರೆ ಭಾನುವಾರ ಹೋಗೋಣ ಬಿಡ್ರಿ."

ಭಾನುವಾರ ದಾವಣಗೆರೆಯ ಸೀರೆ ಅಂಗಡಿಯಲ್ಲಿ ಜಯದೇವಪ್ಪನವರು ಬಿಳಿ ಹಾಸಿನ ಮೇಲೆ ಚಕ್ಕಳಮಕ್ಕಳ ಕೂತು, ತಮ್ಮದೇ ದುಂಡು ಅಕ್ಷರದ ರಿಜಿಸ್ಟರನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು, ಒಂದೊಂದು ನಮೂದನ್ನು ಗಟ್ಟಿಯಾಗಿ ಓದಿದರು. ನೇರಳೆ ಸಿಕ್ಕಿತು. ನವಿಲು ಬಣ್ಣ ಸಿಕ್ಕಿತು. ಮೈಸೂರು ಸಿಲ್ಕು ಸಿಕ್ಕಿತು. ಕುಂಕುಮದ ಬಣ್ಣದ್ದೊಂದು, ಅಂಚು ಸ್ವಲ್ಪ ಕಿರಿದು, ಹಾಗಾಗಿ ಸ್ವಲ್ಪ ಅಗ್ಗ, ಕಣ್ಣಿಗೆ ಬಿತ್ತು. ಅದನ್ನೇ ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

ನಿರ್ಮಲಮ್ಮ ಅಂಚಿನ ಮೇಲೆ ಗೇಣು ಹಾಕಿ ನೋಡಿದರು. ಹೆಬ್ಬೆರಳು ಕಿರುಬೆರಳು ಎರಡೂ ಆಚೆ ಈಚೆ ದಾಟಿ ಉಳಿದವು.

"ಇದು ಆಗಲ್ಲ, ಬ್ಯಾರೆ ತೆಗೀರಿ" ಎಂದು ಅಂಗಡಿಯವರಿಗೆ ಹೇಳಿ, ಗಂಡನ ಕಡೆ ತಿರುಗಿದರು. "ಮೂಕಮ್ಮನ ಹೇಳಿಕೆ ಇನ್ನೊಂದ್ಸಲ ಓದ್ರಿ. ದಾಖಲೆ ಮೇಲೆ ನಂಬಿಕೆ ಇಡಬೇಕು."