ನಮ್ಮ ಮಾವನ ಯುದ್ಧ ಟ್ಯಾಂಕು

ಮೈಸೂರಿನಲ್ಲಿ ಸ್ವಂತಕ್ಕೆ ಅಂತ ಒಂದು ಯುದ್ಧ ಟ್ಯಾಂಕು ಇಟ್ಟುಕೊಳ್ಳುವ ಯೋಗ್ಯತೆ ಇದ್ದವರು ಇಬ್ಬರೇ: ಒಂದು ಅರಮನೆಯವರು, ಇನ್ನೊಬ್ಬರು ನಮ್ಮ ಸೋದರಮಾವ. ಅರಮನೆಯಲ್ಲಿ ಆನೆ, ಕುದುರೆ, ಫಿರಂಗಿ ಎಲ್ಲ ಇದ್ದವು, ಟ್ಯಾಂಕು ಮಾತ್ರ ಇರಲಿಲ್ಲವಂತೆ. ಅಲ್ಲಿಗೆ ಉಳಿದವರು ಮಾವ ಒಬ್ಬರೇ!

ಹಾಗಂತ ಅವರನ್ನು ಶೂರರೆಂದು ತಿಳಿಯಬೇಡಿ. ಒಂಟಿಕೊಪ್ಪಲಿನ ಬೀದಿಯಲ್ಲಿ ನಾಯಿ ಎದುರಾದರೆ ಕೊಡೆ ಬಿಚ್ಚಿ ಅದರ ಮರೆಯಲ್ಲಿ ನಡೆಯುತ್ತಿದ್ದ ಮನುಷ್ಯ. ಸಯ್ಯಾಜಿರಾವ್ ರಸ್ತೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಅವರಿಗೆ ಫೋಟೋ ತಿದ್ದುವ ಕೆಲಸ. ಏರ್‌ಬ್ರಷ್ ಅಂತ ಪೆನ್ನಿನಂಥ ಒಂದು ಸಾಧನ. ಗಾಳಿ ಕೊಟ್ಟರೆ ಬಣ್ಣವನ್ನು ಮಂಜಿನ ಹಾಗೆ ಉಗುಳುತ್ತದೆ. ಅದನ್ನು ಹಿಡಿದು ಮಾವ ವರನ ಬೋಳುತಲೆಗೆ ಕೂದಲು ಬರಿಸುತ್ತಿದ್ದರು, ವಧುವಿನ ಮೊಡವೆ ಮಾಯ ಮಾಡುತ್ತಿದ್ದರು. ನಮ್ಮೂರಲ್ಲಿ ಆ ಕಾಲಕ್ಕೆ ಕೂಡಿಬಂದ ಎಷ್ಟೋ ಮದುವೆಗಳ ಪಾಪಪುಣ್ಯದಲ್ಲಿ ಅವರದೂ ಒಂದು ಪಾಲಿದೆ.

ನಾನು ಆಗ ಅವರ ಮನೆಯಲ್ಲೇ ಇದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಹಡಗಿನಲ್ಲಿ ಕೆಲಸದಲ್ಲಿದ್ದ ಮಾವನ ಸ್ನೇಹಿತರೊಬ್ಬರು ಜಪಾನಿನಿಂದ ಒಂದು ದೊಡ್ಡ ಪೆಟ್ಟಿಗೆ ತಂದುಕೊಟ್ಟರು. ರೇಡಿಯೋ ಇರಬೇಕು ಅಂತ ಅತ್ತೆ ಆಸೆಯಿಂದ ಬಿಚ್ಚಿದರೆ, ಒಳಗೆ ಹಸಿರು ಪ್ಲಾಸ್ಟಿಕ್ಕಿನ ಲೆಕ್ಕವಿಲ್ಲದಷ್ಟು ಚೂರುಗಳು! ಇಷ್ಟು ದೂರದಿಂದ ಮುರಿದ ಬಾಚಣಿಗೆ ಯಾಕೆ ಹೊತ್ತು ತಂದರು ಅಂತ ಅವರಿಗೆ ಅನ್ನಿಸಿತಂತೆ. ಚೂರುಗಳನ್ನೆಲ್ಲ ಜೋಡಿಸಿದರೆ ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದದ ಟ್ಯಾಂಕು ಆಗುತ್ತದೆ ಅಂತ ಮಾವ ವಿವರಿಸಿದರು. ಆದ ಮೇಲೆ ಅದರಿಂದ ಏನು ಮಾಡುತ್ತೀರಿ ಅಂತ ಅತ್ತೆ ಕೇಳಿದರು. ಬಣ್ಣ ಹೊಡೆಯುತ್ತೇನೆ ಅಂದರು ಮಾವ. ಇದಕ್ಕಿಂತ ಪ್ರಾಮಾಣಿಕ ಉತ್ತರ ಇನ್ನೇನಿದೆ?

ಭಾನುವಾರಗಳಂದು ಸ್ಟುಡಿಯೋದ ಏರ್‌ಬ್ರಷ್ ಮನೆಗೆ ಬರುತ್ತಿತ್ತು. ಆದರೆ ಗಾಳಿಯ ಯಂತ್ರ ಬರುವಂತಿರಲಿಲ್ಲ. ಮಾವ ಎಲ್ಲಿಂದಲೋ ಹಳೆಯ ಲಾರಿ ಟ್ಯೂಬು ತಂದು ನಡುಮನೆಯಲ್ಲಿ ಮಲಗಿಸಿ, ಅದರ ಬಾಯಿಗೆ ಏರ್‌ಬ್ರಷ್ಷಿನ ಕೊಳವೆ ಸಿಕ್ಕಿಸಿದರು. ಟ್ಯೂಬಿಗೆ ಗಾಳಿ ತುಂಬಲು ಸೈಕಲ್ ಪಂಪು. ಪಂಪು ಹೊಡೆಯುವವರು ಯಾರು? ಮನೆಗೆ ಬಂದವರು! ಕಾಫಿ ಒಲೆಯ ಮೇಲಿದೆ, ಅಷ್ಟರಲ್ಲಿ ಸ್ವಲ್ಪ ಕೈ ಹಾಕಿ ಅಂತ ಮಾವ ಅದೆಷ್ಟು ವಿನಯದಿಂದ ಕೇಳುತ್ತಿದ್ದರೆಂದರೆ, ಶ್ರಾದ್ಧದ ದಿನ ಗೊತ್ತುಮಾಡಲು ಬಂದ ಪುರೋಹಿತರೇ ಪಂಚೆ ಎತ್ತಿಕಟ್ಟಿ ಪಂಪು ಹೊಡೆದಿದ್ದರು. ಮುಂದಿನ ವರ್ಷದಿಂದ ಅವರು ದಿನವನ್ನು ಬೀದಿಯಲ್ಲೇ ನಿಂತು ಕೂಗಿ ಹೇಳಿ ಹೋಗತೊಡಗಿದರು.

ಆದರೆ ಮಾವನ ಆ ಕೈ! ಉಸಿರು ಬಿಗಿಹಿಡಿದು, ಮಣಿಕಟ್ಟನ್ನು ಅಷ್ಟೇ ಅಷ್ಟು ತಿರುಗಿಸುತ್ತ ಹೋದರೆ ಬಣ್ಣ ಪದರ ಪದರವಾಗಿ ಕೂರುತ್ತಿತ್ತು. ಆಟಿಕೆಯಂಥ ಪ್ಲಾಸ್ಟಿಕ್ಕು ನಮ್ಮ ಕಣ್ಣೆದುರಿಗೇ ಕಬ್ಬಿಣವಾಗುತ್ತಿತ್ತು. ಹೊಸ ಟ್ಯಾಂಕು ಸುಳ್ಳು, ಓಡಾಡಿದ ಟ್ಯಾಂಕೇ ನಿಜ ಅನ್ನುವುದು ಅವರ ಸಿದ್ಧಾಂತ. ಕೆಸರು ಎಲ್ಲಿಗೆ ಸಿಡಿಯುತ್ತದೆ, ತುಕ್ಕು ಯಾವ ಮೂಲೆಯಿಂದ ಶುರುವಾಗುತ್ತದೆ ಅಂತ ತಿಳಿಯಲು ರಸ್ತೆಬದಿಯ ಲಾರಿಗಳ ಅಡಿಗೆ ಬಗ್ಗಿ ನೋಡುತ್ತಿದ್ದರು. ಒಬ್ಬ ಡ್ರೈವರು ಇವರನ್ನು ಸರ್ಕಾರದವರೆಂದು ತಿಳಿದು, ಕೇಳದಿದ್ದರೂ ಲೈಸೆನ್ಸು ತೆಗೆದು ತೋರಿಸಿದನಂತೆ.

ಹೀಗೆ ಕಷ್ಟಪಟ್ಟು ಬಳಿದ ಕೆಸರನ್ನು ಅತ್ತೆ ಒಂದು ದಿನ ಒದ್ದೆಬಟ್ಟೆಯಲ್ಲಿ ತಿಕ್ಕಿ ತೆಗೆದುಬಿಟ್ಟರು. ಆಯುಧಪೂಜೆಯ ದಿನ! ಗಲೀಜು ಗಾಡಿಗೆ ಪೂಜೆ ಮಾಡೋದು ಹೇಗೆ ಅಂತ ಅವರ ವಾದ. ತೊಳೆದು, ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮುಂದಕ್ಕೆ ತಳ್ಳಿದರು. ನಿಂಬೆಹಣ್ಣಿಗೆ ಏನೂ ಆಗಲಿಲ್ಲ, ಟ್ಯಾಂಕು ಮಗುಚಿಕೊಂಡಿತು. ಮಾವ ಪ್ರಸಾದ ತಿಂದು, ಮರುದಿನದಿಂದ ಮತ್ತೆ ಕೆಸರು ಬಳಿಯಲು ಕೂತರು. ಅವರ ಶೌರ್ಯ ಅಂದರೆ ಇದು.

ಎದುರುಮನೆಯಲ್ಲಿ ಮುದ್ದಮ್ಮ ಅಂತ ಇದ್ದರು. ಹುಣಸೂರು ಕಡೆಯ ಹಳ್ಳಿಯವರು. ಎಮ್ಮೆ ಕಟ್ಟಿಕೊಂಡು ಬೀದಿಗೆಲ್ಲ ಹಾಲು ಹಾಕುತ್ತಿದ್ದರು. ಅವರ ಹಿರಿಮಗ ಸೈನ್ಯದಲ್ಲಿ ಟ್ಯಾಂಕು ಓಡಿಸುತ್ತಿದ್ದ. ಅರವತ್ತೈದರ ಯುದ್ಧಕ್ಕೆ ಹೋದವನು ವಾಪಸು ಬರಲಿಲ್ಲ. ಸುದ್ದಿ ಬಂದ ಮೇಲೂ ಮುದ್ದಮ್ಮ ಹಾಲು ಹಾಕುವುದನ್ನು ನಿಲ್ಲಿಸಲಿಲ್ಲ. ಮಾತು ನಿಲ್ಲಿಸಿದರು ಅಷ್ಟೆ.

ಒಂದು ಭಾನುವಾರ ಬೆಳಗ್ಗೆ ಹಾಲು ಅಳೆದುಕೊಟ್ಟವರು ಹೋಗದೆ ಮಾವನ ಮೇಜಿನ ಹತ್ತಿರ ಬಂದು ನಿಂತರು. ಮಗ ಓಡಿಸುತ್ತಿದ್ದುದು ಇದೇನಾ ಅಂತ ಕೇಳಿದರು. ಹೆಚ್ಚುಕಡಿಮೆ ಇಂಥದ್ದೇ ಅಂದರು ಮಾವ.

"ನನ್ ಮಗ ಎಲ್ಲಿ ಕುಂತ್ಕತಿದ್ದ ಸ್ವಾಮಿ?"

ಮಾವ ಮುಂಭಾಗದ ಪುಟ್ಟ ಮುಚ್ಚಳ ತೋರಿಸಿದರು. ಮುದ್ದಮ್ಮ ಅದನ್ನು ಎತ್ತಲು ನೋಡಿದರು. ಅಂಟು ಹಾಕಿ, ಮೇಲೆ ಬಣ್ಣ ಹೊಡೆದದ್ದು, ಏಳಲಿಲ್ಲ. ಮಾವ ಬ್ಲೇಡು ತೆಗೆದುಕೊಂಡು ಮುಚ್ಚಳದ ಸುತ್ತ ಕೊಯ್ದರು. ಅತ್ತೆ ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟರು. ವರ್ಷದ ಕೆಲಸ, ಮುಂಭಾಗದ ಬಣ್ಣವೆಲ್ಲ ಚಕ್ಕೆಯೆದ್ದು ಬಂತು. ಮುಚ್ಚಳ ತೆರೆದುಕೊಂಡಿತು.

ಮುದ್ದಮ್ಮ ಬಗ್ಗಿ ನೋಡಿದರು. ಒಳಗೆ ಬರೀ ಟೊಳ್ಳು.

"ಕುಂತ್ಕಳಕ್ಕೆ ಏನೂ ಇಲ್ವಲ್ಲ ಸ್ವಾಮಿ."

ನಾಳೆ ಸಂಜೆ ಬನ್ನಿ ಅಂದರು ಮಾವ.

ಮರುದಿನ ಅವರು ಸ್ಟುಡಿಯೋಗೆ ಹೋಗಲಿಲ್ಲ. ಬೆಂಕಿಪೊಟ್ಟಣದ ತೆಳು ಹಲಗೆಯಲ್ಲಿ ಒಂದು ಆಸನ ಮಾಡಿದರು, ಒರಗಲು ಬೆನ್ನು ಕಟ್ಟಿದರು, ಕೈಗೆ ಸಿಗುವ ಹಾಗೆ ಎದುರಿಗೆ ಎರಡು ಹಿಡಿಗಳನ್ನು ನಿಲ್ಲಿಸಿದರು. ಮೇಲೆ ಹಾಸಲು ಮೆತ್ತಗಿನ ಚರ್ಮ ಮನೆಯಲ್ಲಿ ಹುಡುಕಿ ಸಿಗದೆ, ಕೈಗಡಿಯಾರದ ಪಟ್ಟಿಯನ್ನೇ ಕತ್ತರಿಸಿದರು. ಕೆಳಗೆ ಚೂರು ಹತ್ತಿ ಇಟ್ಟು ಅಂಟಿಸಿದರು.

ಸಂಜೆ ಮುದ್ದಮ್ಮ ಬಂದರು. ತುಂಬಾ ಹೊತ್ತು ನೋಡಿದರು. ಆಮೇಲೆ ಕಿರುಬೆರಳನ್ನು ಸೆರಗಿಗೆ ಒರೆಸಿಕೊಂಡು, ಮೆಲ್ಲಗೆ ಒಳಗೆ ಇಳಿಸಿ ಆಸನ ಮುಟ್ಟಿದರು.

"ಮೆತ್ತಗದೆ," ಅಂದರು.

ಬೆರಳನ್ನು ಹೊರಗೆ ತೆಗೆಯಲಿಲ್ಲ. ಟ್ಯಾಂಕು ಅಲುಗದ ಹಾಗೆ ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.